ಡಿಲೀಟ್ ಆದ ಫೈಲೂ ಡಿಸ್ಕಿನ ಕಿರ್ದಿ ಪುಸ್ತಕವೂ

ಮನೆ ಕಟ್ಟಿಸುವಾಗ ನಮ್ಮ ಪ್ಲಂಬರ್ ಒಂದು ಮಾತು ಹೇಳಿದ್ದರು. ಗಾರೆಯವರು ಪ್ಲಾಸ್ಟರಿಂಗ್ ಶುರು ಮಾಡುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಮೊಳೆ ಹೊಡೆಯುವಾಗ ನೀವೇ ನನ್ನನ್ನು ನೆನೆಸಿಕೊಳ್ತೀರಿ ಅಂತ. ತೆಗೆದೆ. ನೀರಿನ ಪೈಪ್ ಎಲ್ಲಿಂದ ಎಲ್ಲಿಗೆ ಹೋಗಿದೆ, ವೈರಿನ ಪೈಪ್ ಎಲ್ಲಿ ತಿರುಗಿದೆ, ಎಲ್ಲವೂ ಸೇರಿ 412 ಫೋಟೋ. ಹಳೇ ಲ್ಯಾಪ್‌ಟಾಪಿನ ಒಂದು ಫೋಲ್ಡರಿನಲ್ಲಿ ಬಿದ್ದಿದ್ದವು.

ಒಂದು ರಾತ್ರಿ ಆ ಫೋಲ್ಡರಿನಲ್ಲಿ ಸೇರಿಕೊಂಡಿದ್ದ ಟಿಎಂಪಿ (ತಾತ್ಕಾಲಿಕ) ಫೈಲುಗಳನ್ನು ತೆಗೆಯೋಣ ಅಂತ ಕೂತೆ. ಆ ಲ್ಯಾಪ್‌ಟಾಪಿನ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್. ಅದರಲ್ಲಿ ಫೈಲ್ ತೆಗೆಯಲು ಆರ್‌ಎಂ ಅನ್ನುವ ಕಮಾಂಡ್ ಇದೆ. ಆರ್‌ಎಂ ಅಂತ ಬರೆದು, ಒಂದು ಸ್ಪೇಸ್ ಬಿಟ್ಟು, ನಕ್ಷತ್ರ ಚಿಹ್ನೆ, ಅದಕ್ಕೆ ಅಂಟಿಕೊಂಡಂತೆ ಡಾಟ್ ಟಿಎಂಪಿ. ಇಷ್ಟೇ. ನಾನು ನಕ್ಷತ್ರಕ್ಕೂ ಡಾಟಿಗೂ ನಡುವೆ ಇನ್ನೊಂದು ಸ್ಪೇಸ್ ಹೊಡೆದಿದ್ದೆ. ಸ್ಕ್ರೀನ್ ಮೇಲೆ ಒಂದೇ ಸಾಲು ಬಂತು: ಡಾಟ್ ಟಿಎಂಪಿ ಅನ್ನುವ ಫೈಲ್ ಇಲ್ಲ, ತೆಗೆಯಲು ಆಗಲಿಲ್ಲ. ಆ ಹೆಸರಿನ ಫೈಲ್ ಯಾಕೆ ಹುಡುಕಿತು ಇದು ಅಂತ ಒಂದು ಕ್ಷಣ ಯೋಚಿಸಿದೆ. ಆಮೇಲೆ ಹೊಳೆಯಿತು. ನಕ್ಷತ್ರ ಒಂಟಿಯಾಗಿ ನಿಂತರೆ ಅದರ ಅರ್ಥ ‘ಇಲ್ಲಿರುವುದೆಲ್ಲ’. ಇರುವುದೆಲ್ಲ ಹೋಗಿತ್ತು. ಇಲ್ಲದ ಒಂದಕ್ಕೆ ಮಾತ್ರ ಅದು ದೂರು ಹೇಳುತ್ತಿತ್ತು.

ಫೈಲ್ ಮ್ಯಾನೇಜರಿನಲ್ಲಿ ಡಿಲೀಟ್ ಒತ್ತಿದ್ದರೆ ಟ್ರ್ಯಾಶ್ ಫೋಲ್ಡರಿಗೆ ಹೋಗಿರುತ್ತಿದ್ದವು. ಅದು ಬರೀ ಜಾಗ ಬದಲಾವಣೆ. ನಿಮ್ಮದು ಅಷ್ಟೇ ಆಗಿದ್ದರೆ ಈ ಲೇಖನ ಬಿಟ್ಟು ಟ್ರ್ಯಾಶ್ ತೆಗೆದು ನೋಡಿ. ಆರ್‌ಎಂಗೆ ಟ್ರ್ಯಾಶ್ ಗೊತ್ತಿಲ್ಲ.

ಫೈಲ್ ಅಂದರೆ ಮೂರು ಕಡೆ ಇರುವ ಮೂರು ಸಂಗತಿ

ಬಹಳ ಜನ ಫೈಲ್ ಅಂದರೆ ಡಿಸ್ಕಿನ ಮೇಲಿರುವ ಒಂದು ಡಬ್ಬಿ ಅಂದುಕೊಂಡಿರುತ್ತಾರೆ. ಹೆಸರು ಬರೆದ ಚೀಟಿ ಡಬ್ಬಿಯ ಮೇಲೇ ಅಂಟಿಸಿದೆ, ಒಳಗೆ ಸಾಮಾನು ಇದೆ ಅಂತ. ಲಿನಕ್ಸಿನಲ್ಲಿ ಜಾಸ್ತಿ ಬಳಕೆಯಲ್ಲಿರುವ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಹಾಗಿಲ್ಲ. ಹೆಸರು ಇರುವುದು ಫೋಲ್ಡರಿನ ಪಟ್ಟಿಯಲ್ಲಿ. ಆ ಪಟ್ಟಿಯಲ್ಲಿ ಹೆಸರಿನ ಪಕ್ಕ ಒಂದು ನಂಬರ್ ಇರುತ್ತದೆ, ಅಷ್ಟೇ. ಆ ನಂಬರ್ ತೋರಿಸುವುದು ಐನೋಡ್ ಅನ್ನುವ ಚಿಕ್ಕ ದಾಖಲೆಯನ್ನು. ಸಾಮಾನ್ಯವಾಗಿ 256 ಬೈಟ್ ಅದರ ಅಳತೆ. ಫೈಲ್ ಯಾರದ್ದು, ಎಷ್ಟು ದೊಡ್ಡದು, ಯಾವಾಗ ಬದಲಾಯಿತು ಅನ್ನುವುದೆಲ್ಲ ಅದರಲ್ಲಿದೆ. ಮುಖ್ಯವಾಗಿ, ಫೈಲಿನ ಒಳಗಿನ ಮಾಹಿತಿ ಡಿಸ್ಕಿನ ಯಾವ ಬ್ಲಾಕುಗಳಲ್ಲಿದೆ ಅನ್ನುವ ನಕ್ಷೆ ಅದರಲ್ಲಿದೆ. ಒಂದೊಂದು ಬ್ಲಾಕ್ 4 ಕೆಬಿ.

ನನ್ನ ಒಂದು ಫೋಟೋ 3 ಎಂಬಿ ಅಂತ ಇಟ್ಟುಕೊಳ್ಳಿ. ಅಂದರೆ 768 ಬ್ಲಾಕ್. ಇಎಕ್ಸ್‌ಟಿ4 ಅದನ್ನು ‘2153472ರಿಂದ ಶುರು, 768 ಬ್ಲಾಕ್’ ಅಂತ ಒಂದೇ ಸಾಲಿನಲ್ಲಿ ಬರೆದುಕೊಳ್ಳುತ್ತದೆ. ಇಂಥ ಸಾಲಿಗೆ ಎಕ್ಸ್‌ಟೆಂಟ್ ಅಂತ ಹೆಸರು. ಒಂದು ಎಕ್ಸ್‌ಟೆಂಟ್ 128 ಎಂಬಿವರೆಗೆ ತೋರಿಸಬಲ್ಲದು. ಇಂಥ ನಾಲ್ಕು ಸಾಲಿಗೆ ಐನೋಡಿನ ಒಳಗೇ ಜಾಗ ಇದೆ.

ಹೆಸರು, ಐನೋಡ್, ಬ್ಲಾಕುಗಳು. ಆರ್‌ಎಂ ಇವುಗಳಲ್ಲಿ ಬ್ಲಾಕುಗಳನ್ನು ಮುಟ್ಟುವುದೇ ಇಲ್ಲ. ಆ 768 ಬ್ಲಾಕುಗಳಲ್ಲಿ ನನ್ನ ಬಚ್ಚಲುಮನೆಯ ಗೋಡೆ ಹಾಗೇ ಇದೆ. ‘ಈ ಬ್ಲಾಕುಗಳು ಖಾಲಿ, ಬೇಕಾದವರು ಬಳಸಿಕೊಳ್ಳಿ’ ಅಂತ ಬಿಟ್‌ಮ್ಯಾಪಿನಲ್ಲಿ, ಅಂದರೆ ಯಾವ ಬ್ಲಾಕ್ ಖಾಲಿ ಯಾವುದು ಭರ್ತಿ ಅನ್ನುವ ಪಟ್ಟಿಯಲ್ಲಿ, ಗುರುತು ಬದಲಾಗುತ್ತದೆ. ಹೆಸರು ಪಟ್ಟಿಯಿಂದ ಹೋಗುತ್ತದೆ. ಐನೋಡಿನಲ್ಲಿದ್ದ ನಕ್ಷೆ ಅಳಿಸಿಹೋಗುತ್ತದೆ. ಪೈಪ್ ಗೋಡೆಯೊಳಗೇ ಇದೆ, ಅದು ಎಲ್ಲಿದೆ ಅಂತ ಹೇಳುವ ಫೋಟೋ ಹೋಗಿದೆ. ನನ್ನ ಪರಿಸ್ಥಿತಿ ಎರಡೂ ಅರ್ಥದಲ್ಲಿ ಹಾಗೇ ಇತ್ತು.

ನಕ್ಷೆಯನ್ನು ಯಾಕೆ ಅಳಿಸಬೇಕು?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಕ್ಷೆ ಅಳಿಸುವ ಅವಶ್ಯಕತೆ ಏನಿತ್ತು? ಬ್ಲಾಕುಗಳನ್ನು ಖಾಲಿ ಅಂತ ಗುರುತು ಮಾಡಿದರೆ ಸಾಕಿತ್ತಲ್ವಾ?

ಹಿಂದೆ ಹಾಗೇ ಇತ್ತು. 1993ರಲ್ಲಿ ಬಂದ ಇಎಕ್ಸ್‌ಟಿ2ನಲ್ಲಿ ಫೈಲ್ ಅಳಿಸಿದರೆ ಐನೋಡಿನಲ್ಲಿ ಅಳಿಸಿದ ಸಮಯ ಬರೆಯುತ್ತಿತ್ತು, ನಕ್ಷೆಯನ್ನು ಹಾಗೇ ಬಿಡುತ್ತಿತ್ತು. ಡಿಬಗ್‌ಎಫ್‌ಎಸ್ ಅನ್ನುವ ಟೂಲಿನಲ್ಲಿ ‘ಅಳಿಸಿದ ಐನೋಡುಗಳನ್ನು ತೋರಿಸು’ ಅಂದರೆ ಸಾಲಾಗಿ ತೋರಿಸುತ್ತಿತ್ತು. ಬೇಕಾದ್ದನ್ನು ಎತ್ತಿಕೊಂಡರೆ ಕೆಲಸ ಮುಗಿಯಿತು. ಅದೇ ಕಮಾಂಡನ್ನು ಇವತ್ತಿನ ಇಎಕ್ಸ್‌ಟಿ4 ಡಿಸ್ಕಿನ ಮೇಲೆ ಓಡಿಸಿದರೆ ಕೈಗೆ ಸಿಗುವಂಥದ್ದು ಏನೂ ಬರುವುದಿಲ್ಲ.

ಇಎಕ್ಸ್‌ಟಿ2ಗೆ ಬೇರೆ ರೋಗ ಇತ್ತು. ಕೆಲಸದ ಮಧ್ಯೆ ಕರೆಂಟ್ ಹೋದರೆ ಲೆಕ್ಕ ತಪ್ಪುತ್ತಿತ್ತು. ಮತ್ತೆ ಆನ್ ಮಾಡಿದಾಗ ಎಫ್‌ಎಸ್‌ಸಿಕೆ ಅನ್ನುವ ರಿಪೇರಿ ಟೂಲ್ ಇಡೀ ಡಿಸ್ಕನ್ನು ಮೂಲೆಯಿಂದ ಮೂಲೆಗೆ ತಡಕಬೇಕಿತ್ತು. ಡಿಸ್ಕ್ ದೊಡ್ಡದಾದಷ್ಟೂ ಕಾಯುವುದು ಜಾಸ್ತಿ. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ಪರಿಹಾರವಾಗಿ ಸ್ಟೀಫನ್ ಟ್ವೀಡಿ ಕಟ್ಟಿದ ಇಎಕ್ಸ್‌ಟಿ3, 2001ರ ನವೆಂಬರಿನಲ್ಲಿ ಲಿನಕ್ಸ್ 2.4.15ರ ಜೊತೆ ಸೇರಿತು. ಇಎಕ್ಸ್‌ಟಿ2ಕ್ಕೇ ಒಂದು ಜರ್ನಲ್ ಸೇರಿಸಿದರೆ ಇಎಕ್ಸ್‌ಟಿ3 ಅಂತ ಹೇಳಬಹುದು. 2008ರ ಡಿಸೆಂಬರಿನಲ್ಲಿ 2.6.28ರ ಜೊತೆ ಇಎಕ್ಸ್‌ಟಿ4 ಬಂತು.

ಜರ್ನಲ್ ಅನ್ನುವುದಕ್ಕೆ ಕನ್ನಡದಲ್ಲಿ ಹೊಸ ಪದ ಹುಡುಕಬೇಕಿಲ್ಲ. ಹಳೇ ಅಂಗಡಿ ಲೆಕ್ಕದವರ ‘ಕಿರ್ದಿ’ ಇದೆಯಲ್ಲ, ಅದೇ. ದಿನಸಿ ಅಂಗಡಿಯಲ್ಲಿ ಎರಡು ಪುಸ್ತಕ. ಗಲ್ಲಾ ಪಕ್ಕ ಕಿರ್ದಿ, ಬೀರುವಿನಲ್ಲಿ ಖಾತೆ. ವ್ಯಾಪಾರ ನಡೆದಂತೆ ಮೊದಲು ಕಿರ್ದಿಯಲ್ಲಿ ಬರೆಯುವುದು. ಆಮೇಲೆ ಪುರಸೊತ್ತಾದಾಗ ಅದನ್ನು ಖಾತೆಗೆ ಏರಿಸುವುದು. ಖಾತೆಗೆ ಏರಿಸುವ ಮಧ್ಯೆ ದೀಪ ಆರಿದರೂ ಚಿಂತೆಯಿಲ್ಲ. ಬೆಳಿಗ್ಗೆ ಕಿರ್ದಿ ನೋಡಿ ಉಳಿದದ್ದನ್ನು ಏರಿಸಿದರಾಯಿತು. ಇಎಕ್ಸ್‌ಟಿ4 ಮಾಡುವುದೂ ಇದನ್ನೇ. ಡಿಸ್ಕಿನ ಲೆಕ್ಕದಲ್ಲಿ ಏನು ಬದಲಾಗಬೇಕೋ ಅದನ್ನು ಮೊದಲು ಜರ್ನಲಿನಲ್ಲಿ ಬರೆದು, ‘ಈ ವ್ಯವಹಾರ ಪೂರ್ತಿ’ ಅಂತ ಮೊಹರು ಹಾಕಿ, ಆಮೇಲೆ ನಿಜವಾದ ಜಾಗಕ್ಕೆ ಬರೆಯುತ್ತದೆ. ಮಾಮೂಲಾಗಿ 5 ಸೆಕೆಂಡಿಗೊಮ್ಮೆ ಮೊಹರು ಬೀಳುತ್ತದೆ.

(ಅಂದರೆ ಆರ್‌ಎಂ ಹೊಡೆದು ಮೊಹರು ಬೀಳುವುದರೊಳಗೆ ಕರೆಂಟ್ ಹೋದರೆ ಫೈಲುಗಳು ಇದ್ದಲ್ಲೇ ಇರುತ್ತವೆ. ಆ 5 ಸೆಕೆಂಡಿನಲ್ಲಿ ನಾನು ಮಾಡಿದ ಕೆಲಸ ಸ್ಕ್ರೀನನ್ನೇ ನೋಡುತ್ತಾ ಕೂತದ್ದು.)

ಈಗ ನಕ್ಷೆಯ ವಿಚಾರಕ್ಕೆ ಬರೋಣ. 40 ಜಿಬಿ ಫೈಲೊಂದನ್ನು ಅಳಿಸುತ್ತಿದ್ದೀರಿ. ಅದರ ಬ್ಲಾಕುಗಳನ್ನೆಲ್ಲ ಒಂದೇ ವ್ಯವಹಾರದಲ್ಲಿ ಬಿಡುಗಡೆ ಮಾಡಲು ಆಗದೇ ಹೋಗಬಹುದು. ಮೂರೋ ನಾಲ್ಕೋ ಕಂತು ಬೇಕಾದೀತು. ಎರಡನೇ ಕಂತು ಮುಗಿದಾಗ ಕರೆಂಟ್ ಹೋಯಿತು. ಮತ್ತೆ ಆನ್ ಆದಾಗ ಫೈಲ್‌ಸಿಸ್ಟಮ್ ಉಳಿದ ಕಂತನ್ನು ಮುಂದುವರಿಸಬೇಕು. ಎಲ್ಲಿಂದ? ಬಿಡುಗಡೆಯಾದ ಬ್ಲಾಕುಗಳ ಸಾಲನ್ನು ಆಗಿಂದಾಗ್ಗೆ ಹೊಡೆದುಹಾಕುತ್ತಾ ಬಂದಿದ್ದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಹೊಡೆದುಹಾಕದೆ ಬಿಟ್ಟಿದ್ದರೆ ಮೊದಲಿಂದ ಶುರು ಮಾಡುತ್ತದೆ. ಆದರೆ ಮೊದಲ ಕಂತಿನಲ್ಲಿ ಬಿಟ್ಟ ಬ್ಲಾಕುಗಳು ಅಷ್ಟರಲ್ಲಿ ಬೇರೆ ಯಾವುದೋ ಫೈಲಿಗೆ ಸೇರಿರಬಹುದು. ಅವನ್ನು ಎರಡನೇ ಸಲ ‘ಖಾಲಿ’ ಅಂದರೆ ಆ ಪಾಪದ ಫೈಲಿನ ಮೇಲೆ ಮೂರನೆಯವರು ಬಂದು ಬರೆಯುತ್ತಾರೆ. ಸಾಲ ತೀರಿಸಿದಂತೆಲ್ಲ ಆ ಸಾಲಿನ ಮೇಲೆ ಗೀಟು ಎಳೆಯುವ ಅಂಗಡಿಯವನ ಹಾಗೆ, ಇಎಕ್ಸ್‌ಟಿ3 ಮತ್ತು ಇಎಕ್ಸ್‌ಟಿ4 ಬ್ಲಾಕ್ ಬಿಟ್ಟಂತೆಲ್ಲ ನಕ್ಷೆಯನ್ನು ಒರೆಸುತ್ತಾ ಹೋಗುತ್ತವೆ.

ಅಳಿಸಿದ ಮೇಲೆ ನನ್ನ ಒಂದು ಫೋಟೋದ ಐನೋಡನ್ನು ತೆಗೆದು ನೋಡಿದೆ. ಮಾಲೀಕ ನಾನೇ. ಪರ್ಮಿಷನ್ ಹಳೆಯದೇ. ಸೈಜ್ 0. ಲಿಂಕುಗಳು 0. ಎಕ್ಸ್‌ಟೆಂಟ್ ಎಣಿಕೆ 0. ಅಳಿಸಿದ ಸಮಯ ಮಾತ್ರ ಸೆಕೆಂಡಿಗೆ ಸರಿಯಾಗಿ: ರಾತ್ರಿ 11 ಗಂಟೆ 42 ನಿಮಿಷ 7 ಸೆಕೆಂಡ್. ನನಗೆ ಬೇಡವಾಗಿದ್ದ ಒಂದೇ ಮಾಹಿತಿಯನ್ನು ಜೋಪಾನವಾಗಿ ಇಟ್ಟಿತ್ತು.

ಕಿರ್ದಿಯಲ್ಲಿ ಉಳಿದ ಹಳೇ ಪುಟಗಳು

ಹಾಗಾದರೆ ಜರ್ನಲ್ ಇರುವುದರಿಂದಲೇ ಫೈಲ್ ವಾಪಸ್ ತರುವುದು ಕಷ್ಟವಾಯಿತು. ಇಎಕ್ಸ್‌ಟಿ3 ಬಂದ ಮೇಲೆ ವರ್ಷಗಟ್ಟಲೆ ‘ಅಳಿಸಿದರೆ ಮುಗೀತು’ ಅನ್ನುವ ಮಾತೇ ಓಡಾಡುತ್ತಿತ್ತು. 2008ರ ಫೆಬ್ರವರಿಯಲ್ಲಿ ಕಾರ್ಲೋ ವುಡ್ ಅನ್ನುವ ಪ್ರೋಗ್ರಾಮರ್ ತನ್ನ ಇಡೀ ಹೋಮ್ ಡೈರೆಕ್ಟರಿಯನ್ನು (ಸ್ವಂತ ಫೈಲುಗಳೆಲ್ಲ ಇರುವ ಫೋಲ್ಡರನ್ನು) ಕೈತಪ್ಪಿ ಅಳಿಸಿಬಿಟ್ಟರು. 3 ಜಿಬಿಗೂ ಜಾಸ್ತಿ. ಬ್ಯಾಕಪ್ ಇದ್ದದ್ದು ಹಿಂದಿನ ವರ್ಷದ್ದು. ಆಗಲ್ಲ ಅನ್ನುವ ಮಾತನ್ನು ಅವರು ಒಪ್ಪಲಿಲ್ಲ. ಡಿಸ್ಕಿನ ರಚನೆಯನ್ನು ಕೂತು ಓದಿ ಇಎಕ್ಸ್‌ಟಿ3ಗ್ರೆಪ್ ಅನ್ನುವ ಟೂಲ್ ಬರೆದರು. ಆಮೇಲೆ ಬಂದ ಎಕ್ಸ್‌ಟ್‌ಅನ್‌ಡಿಲೀಟ್, ಇಎಕ್ಸ್‌ಟಿ4ಮ್ಯಾಜಿಕ್ ಕೂಡ ಅದೇ ದಾರಿ ಹಿಡಿದವು.

ದಾರಿ ಯಾವುದು? ಕಿರ್ದಿಯೇ.

ಇಎಕ್ಸ್‌ಟಿ4ನ ಜರ್ನಲ್ ಸ್ವಲ್ಪ ದುಂದುಗಾರ. ಒಂದು ಐನೋಡಿನಲ್ಲಿ ಒಂದು ಅಂಕಿ ಬದಲಾದರೂ, ಆ ಐನೋಡ್ ಇರುವ ಇಡೀ 4 ಕೆಬಿ ಬ್ಲಾಕಿನ ನಕಲನ್ನು ಜರ್ನಲಿಗೆ ಬರೆಯುತ್ತದೆ. ಒಂದು ಸಾಲು ತಿದ್ದಿದರೆ ಪುಟವನ್ನೇ ಜೆರಾಕ್ಸ್ ಮಾಡಿ ಫೈಲಿಗೆ ಹಾಕಿದ ಹಾಗೆ. ಒಂದು ಬ್ಲಾಕಿನಲ್ಲಿ 256 ಬೈಟಿನ 16 ಐನೋಡುಗಳಿವೆ. ಅಂದರೆ ಪಕ್ಕದವನ ಲೆಕ್ಕ ಬದಲಾದಾಗ ನಿಮ್ಮ ಲೆಕ್ಕವೂ ಸುಮ್ನೆ ಜೊತೆಗೆ ನಕಲಾಗುತ್ತದೆ. ಫೈಲ್ ಅಳಿಸುವ ಮುಂಚೆ ಇಂಥ ಒಂದು ನಕಲು ಜರ್ನಲಿಗೆ ಹೋಗಿದ್ದರೆ, ಅದರಲ್ಲಿ ‘2153472ರಿಂದ 768 ಬ್ಲಾಕ್’ ಅನ್ನುವ ಸಾಲು ಅಳಿಯದೆ ಕೂತಿರುತ್ತದೆ. ಫೋಲ್ಡರಿನ ಪಟ್ಟಿಯೂ ಹಾಗೇ. ಹೆಸರು ಸೇರಿಸಿದಾಗ, ಬದಲಾಯಿಸಿದಾಗ ಆ ಬ್ಲಾಕಿನ ನಕಲೂ ಜರ್ನಲಿಗೆ ಹೋಗಿರುತ್ತದೆ. 2021ರಲ್ಲಿ ಬಂದ ಲಿನಕ್ಸ್ 5.13ರಿಂದ ಅಳಿಸಿದ ಫೈಲಿನ ಹೆಸರನ್ನೂ ಫೋಲ್ಡರ್ ಪಟ್ಟಿಯಿಂದ ಒರೆಸಿಹಾಕುತ್ತಾರೆ. ಅದಕ್ಕೆ ಮುಂಚೆ ಹೆಸರು ಅಲ್ಲೇ ಅವಿತುಕೊಂಡಿರುತ್ತಿತ್ತು. ಹಾಗಾಗಿ ಈಗ ಹೆಸರಿಗೂ ಜರ್ನಲೇ ಗತಿ.

ಎಕ್ಸ್‌ಟ್‌ಅನ್‌ಡಿಲೀಟ್ ಮಾಡುವುದು ಇಷ್ಟು. ಜರ್ನಲನ್ನು ಓದುತ್ತದೆ. ಅಳಿಸಿದ ಐನೋಡುಗಳ ಹಳೇ ನಕಲು ಸಿಗುತ್ತದಾ ನೋಡುತ್ತದೆ. ಸಿಕ್ಕರೆ, ಅದರಲ್ಲಿ ಹೇಳಿದ ಬ್ಲಾಕುಗಳು ಇನ್ನೂ ಖಾಲಿ ಅಂತಲೇ ಗುರುತಾಗಿವೆಯಾ ಅಂತ ಬಿಟ್‌ಮ್ಯಾಪ್ ನೋಡುತ್ತದೆ. ಖಾಲಿ ಇದ್ದರೆ ಅವನ್ನು ಓದಿ ಬೇರೆ ಕಡೆ ಫೈಲಾಗಿ ಬರೆಯುತ್ತದೆ. ಬೇರೆಯವರಿಗೆ ಹೋಗಿದ್ದರೆ ಕೈಬಿಡುತ್ತದೆ.

ಇಲ್ಲೊಂದು ತಪ್ಪು ಕಲ್ಪನೆ ಬೇಗ ಹುಟ್ಟುತ್ತದೆ. ಜರ್ನಲಿನಲ್ಲಿ ನಿಮ್ಮ ಫೋಟೋದ ನಕಲು ಇಲ್ಲ. ಮಾಮೂಲು ಸೆಟ್ಟಿಂಗಿನಲ್ಲಿ ಅಲ್ಲಿಗೆ ಹೋಗುವುದು ಲೆಕ್ಕ ಮಾತ್ರ: ಐನೋಡು, ಬಿಟ್‌ಮ್ಯಾಪು, ಫೋಲ್ಡರ್ ಪಟ್ಟಿ. ಒಳಗಿನ ಮಾಹಿತಿ ನೇರವಾಗಿ ಡಿಸ್ಕಿಗೆ ಹೋಗುತ್ತದೆ. ಕಿರ್ದಿಯಲ್ಲಿ ‘ಅಕ್ಕಿ 5 ಕೆಜಿ’ ಅಂತ ಇರುತ್ತದೆ, ಅಕ್ಕಿ ಇರುವುದಿಲ್ಲ.

ಇನ್ನೊಂದು ಮಿತಿ ಇದಕ್ಕಿಂತ ಕಠಿಣ. ಜರ್ನಲ್ ಬೆಳೆಯುತ್ತಾ ಹೋಗುವುದಿಲ್ಲ, ಅದು ಸುತ್ತುತ್ತದೆ. ಬಹಳಷ್ಟು ಡಿಸ್ಕುಗಳಲ್ಲಿ ಅದರ ಜಾಗ 128 ಎಂಬಿ. ಈಚೆಗೆ ಫಾರ್ಮ್ಯಾಟ್ ಮಾಡಿದ ದೊಡ್ಡ ಡಿಸ್ಕುಗಳಲ್ಲಿ 1 ಜಿಬಿವರೆಗೂ ಇರಬಹುದು. ಕೊನೆಗೆ ಬಂದ ಮೇಲೆ ಮತ್ತೆ ಮೊದಲ ಪುಟದ ಮೇಲೇ ಬರೆಯಲು ಶುರು ಮಾಡುತ್ತದೆ. ಆಪರೇಟಿಂಗ್ ಸಿಸ್ಟಮ್ ಇರುವ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಆದರೆ ಲಾಗು, ಬ್ರೌಸರ್ ಕ್ಯಾಶೆ, ಅಪ್‌ಡೇಟ್ ಅಂತ ಸದಾ ಗದ್ದಲ. ಹಳೇ ಪುಟಗಳು ಬೇಗ ಮುಚ್ಚಿಹೋಗುತ್ತವೆ. ಬರೀ ಫೋಟೋ ಇಟ್ಟ ಬೇರೆ ಪಾರ್ಟಿಷನ್ ಆದರೆ ಅವು ದಿನಗಟ್ಟಲೆ ಉಳಿಯಬಹುದು.

ನನ್ನ ಅದೃಷ್ಟ ನೋಡಿ. ಫೋಟೋಗಳು ಬೇರೆ ಪಾರ್ಟಿಷನ್ನಿನಲ್ಲಿದ್ದವು. ಜೊತೆಗೆ, ಹಿಂದಿನ ದಿನ ತಾನೇ ಅವುಗಳ ಹೆಸರು ಬದಲಾಯಿಸಲು ಕೂತಿದ್ದೆ. ಕ್ಯಾಮೆರಾ ಕೊಟ್ಟ ಅರ್ಥವಿಲ್ಲದ ಹೆಸರು ತೆಗೆದು ‘ಅಡುಗೆಮನೆ 1’, ‘ಬಚ್ಚಲು 3’ ಅಂತ. 190 ಆಗುವಷ್ಟರಲ್ಲಿ ನಿದ್ದೆ ಬಂದು ಬಿಟ್ಟುಬಿಟ್ಟೆ. ಹೆಸರು ಬದಲಾದರೆ ಐನೋಡಿನಲ್ಲಿ ಸಮಯ ಬದಲಾಗುತ್ತದೆ. ಸಮಯ ಬದಲಾದರೆ ಆ ಬ್ಲಾಕ್ ಜರ್ನಲಿಗೆ ನಕಲಾಗುತ್ತದೆ. ನಿದ್ದೆಗೆಟ್ಟು ಮಾಡಿದ ಆ ಬೇಸರದ ಕೆಲಸವೇ 190 ಫೋಟೋಗಳ ನಕ್ಷೆಯನ್ನು ಕಿರ್ದಿಯಲ್ಲಿ ಉಳಿಸಿತ್ತು.

ಮೊದಲ ಹತ್ತು ನಿಮಿಷ

ತಪ್ಪು ಗೊತ್ತಾದ ತಕ್ಷಣ ಜನ ಮಾಡುವ ಮೊದಲ ಕೆಲಸ ಬ್ರೌಸರ್ ತೆಗೆದು ಹುಡುಕುವುದು. ಎರಡನೆಯದು ರಿಕವರಿ ಟೂಲ್ ಡೌನ್‌ಲೋಡ್ ಮಾಡಿ ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡುವುದು. ಎರಡೂ ಡಿಸ್ಕಿಗೆ ಬರೆಯುತ್ತವೆ. ‘ಖಾಲಿ’ ಅಂತ ಗುರುತಾದ ಬ್ಲಾಕುಗಳನ್ನು ಹುಡುಕಿಕೊಂಡೇ ಬರೆಯುತ್ತವೆ. ಹುಡುಕಬೇಕಾದ್ದು ಫೋನಿನಲ್ಲಿ.

ಅದಕ್ಕೂ ಮುಂಚೆ ಒಂದು ಪ್ರಶ್ನೆ: ಆ ಫೈಲ್ ಯಾವುದಾದರೂ ಪ್ರೋಗ್ರಾಮಿನಲ್ಲಿ ಇನ್ನೂ ತೆರೆದಿದೆಯಾ? ವಿಡಿಯೋ ಓಡುತ್ತಿದೆ, ಯಾವುದೋ ಸರ್ವರ್ ಲಾಗ್ ಬರೆಯುತ್ತಿದೆ, ಹೀಗೆ. ತೆರೆದಿದ್ದರೆ ಹೆಸರಷ್ಟೇ ಹೋಗಿರುತ್ತದೆ. ಐನೋಡ್, ನಕ್ಷೆ ಎರಡೂ ಜೀವಂತ. ಕೊನೆಯ ಪ್ರೋಗ್ರಾಮ್ ಅದನ್ನು ಮುಚ್ಚಿದ ಮೇಲೇ ಬ್ಲಾಕುಗಳ ಬಿಡುಗಡೆ. ಎಲ್‌ಎಸ್‌ಒಎಫ್ ಕಮಾಂಡ್ ಇಂಥ ಹೆಸರಿಲ್ಲದ ಫೈಲುಗಳನ್ನು ತೋರಿಸುತ್ತದೆ. ಪ್ರಾಕ್ ಫೋಲ್ಡರಿನ ಒಳಗೆ ಆ ಪ್ರೋಗ್ರಾಮಿನ ನಂಬರ್ ಹುಡುಕಿ, ಅದರೊಳಗಿನ ಎಫ್‌ಡಿ ಫೋಲ್ಡರಿನಿಂದ ಕಾಪಿ ಮಾಡಿಕೊಂಡರೆ ಫೈಲ್ ಪೂರ್ತಿ ಕೈಗೆ ಬರುತ್ತದೆ. ಇಷ್ಟು ಸಲೀಸಾದ ದಾರಿ ಬೇರೆ ಇಲ್ಲ. ಗಾಬರಿಯಲ್ಲಿ ರೀಬೂಟ್ ಮಾಡಿ ಇದನ್ನೂ ಕಳೆದುಕೊಳ್ಳುವವರೇ ಜಾಸ್ತಿ.

ತೆರೆದಿಲ್ಲ ಅಂತ ಖಚಿತವಾದರೆ, ಆ ಪಾರ್ಟಿಷನ್ನನ್ನು ಅನ್‌ಮೌಂಟ್ ಮಾಡಿ, ಅಂದರೆ ಸಿಸ್ಟಮ್ಮಿನ ಬಳಕೆಯಿಂದ ಬಿಡಿಸಿ. ಅದೇ ಮುಖ್ಯ ಪಾರ್ಟಿಷನ್ ಆಗಿದ್ದರೆ ಅನ್‌ಮೌಂಟ್ ಆಗುವುದಿಲ್ಲ. ಆಲ್ಟ್, ಸಿಸ್‌ರಿಕ್ವೆಸ್ಟ್ (ಸಾಮಾನ್ಯವಾಗಿ ಪ್ರಿಂಟ್ ಸ್ಕ್ರೀನ್ ಕೀ) ಮತ್ತು ಯು ಒಟ್ಟಿಗೆ ಒತ್ತಿದರೆ ಲಿನಕ್ಸ್ ಎಲ್ಲ ಡಿಸ್ಕುಗಳನ್ನೂ ಓದಲು ಮಾತ್ರ ಅನ್ನುವ ಸ್ಥಿತಿಗೆ ತರುತ್ತದೆ, ನಿಮ್ಮ ಡಿಸ್ಟ್ರೋ (ಉಬುಂಟುವಿನಂಥ ಲಿನಕ್ಸ್ ಬಗೆ) ಅದಕ್ಕೆ ಅನುಮತಿ ಕೊಟ್ಟಿದ್ದರೆ. ಆಮೇಲೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬಹುದು. ಮರ್ಯಾದೆಯಾಗಿ ಶಟ್‌ಡೌನ್ ಮಾಡುವುದು ಇಲ್ಲಿ ಒಳ್ಳೆಯದಲ್ಲ, ಹೋಗುವಾಗಲೂ ಅದು ನಾಲ್ಕು ಸಾಲು ಲಾಗ್ ಬರೆದೇ ಹೋಗುತ್ತದೆ.

ಮುಂದಿನದ್ದು ಇಮೇಜ್ ತೆಗೆಯುವುದು. ಲೈವ್ ಯುಎಸ್‌ಬಿಯಿಂದ (ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ) ಬೂಟ್ ಮಾಡಿ, ಇಡೀ ಪಾರ್ಟಿಷನ್ನನ್ನು ಬೇರೆ ಡಿಸ್ಕಿಗೆ ಬೈಟಿಗೆ ಬೈಟ್ ನಕಲು ಮಾಡುವುದು. ಡಿಡಿ ಕಮಾಂಡ್ ಸಾಕು, ಡಿಸ್ಕ್ ಹಳೆಯದಾಗಿದ್ದರೆ ಡಿಡಿರೆಸ್ಕ್ಯೂ ಮೇಲು. ನನ್ನ ಹತ್ತಿರ ಅಷ್ಟು ಜಾಗ ಇರಲಿಲ್ಲ. ಮಾರನೇ ದಿನ ಎಸ್‌ಪಿ ರೋಡಿಗೆ ಹೋಗಿ 1 ಟಿಬಿ ಡಿಸ್ಕ್ ತಂದೆ. ದುಡ್ಡು ದಂಡ ಅನ್ನಿಸಿತು, ನಿಜ. ಆದರೆ ಇಮೇಜ್ ಇದ್ದರೆ ಒಂದು ಟೂಲ್ ಎಡವಟ್ಟು ಮಾಡಿದರೂ ಇನ್ನೊಂದನ್ನು ಮೊದಲಿಂದ ಓಡಿಸಬಹುದು.

ಲೈವ್ ಯುಎಸ್‌ಬಿಯಲ್ಲಿ ಒಂದು ಹಳ್ಳ ಇದೆ, ನಾನೂ ಬೀಳುವವನಿದ್ದೆ. ಡೆಸ್ಕ್‌ಟಾಪಿನಲ್ಲಿ ಡಿಸ್ಕಿನ ಐಕಾನ್ ಕಂಡ ತಕ್ಷಣ ಕ್ಲಿಕ್ ಮಾಡಬೇಡಿ. ಕ್ಲಿಕ್ ಮಾಡಿದರೆ ಮೌಂಟ್ ಆಗುತ್ತದೆ. ಸರಿಯಾಗಿ ಆಫ್ ಆಗದ ಡಿಸ್ಕ್ ಮೌಂಟ್ ಆದರೆ ಇಎಕ್ಸ್‌ಟಿ4 ಮೊದಲು ಮಾಡುವುದು ಕಿರ್ದಿಯನ್ನು ಖಾತೆಗೆ ಏರಿಸುವ ಕೆಲಸ. ‘ಓದಲು ಮಾತ್ರ’ ಅಂತ ಹೇಳಿ ಮೌಂಟ್ ಮಾಡಿದರೂ ಅದು ಜರ್ನಲನ್ನು ಏರಿಸಿಯೇ ತೀರುತ್ತದೆ. ಅದನ್ನು ತಡೆಯಲು ನೋಲೋಡ್ ಅನ್ನುವ ಆಪ್ಷನ್ನನ್ನೂ ಕೊಡಬೇಕು. ಎಫ್‌ಎಸ್‌ಸಿಕೆ ಕೂಡ ಸದ್ಯಕ್ಕೆ ಬೇಡ. ಅದು ರಿಪೇರಿ ಮಾಡುವುದು ಫೈಲ್‌ಸಿಸ್ಟಮನ್ನು. ನಿಮ್ಮ ಕಳೆದ ಫೈಲ್ ಅದರ ಕಣ್ಣಿಗೆ ಈಗ ಕಸ.

ಎಸ್‌ಎಸ್‌ಡಿ ಇದ್ದವರಿಗೆ ಕೆಟ್ಟ ಸುದ್ದಿ. ಯಾವ ಬ್ಲಾಕುಗಳು ಖಾಲಿ ಅಂತ ಆಪರೇಟಿಂಗ್ ಸಿಸ್ಟಮ್ ಎಸ್‌ಎಸ್‌ಡಿಗೆ ಹೇಳುವ ಪದ್ಧತಿಗೆ ಟ್ರಿಮ್ ಅಂತ ಹೆಸರು. ಹೇಳಿದ ಮೇಲೆ ಆ ಬ್ಲಾಕುಗಳನ್ನು ಓದಿದರೆ ಸಾಮಾನ್ಯವಾಗಿ ಬರೀ ಸೊನ್ನೆ ಬರುತ್ತದೆ. ಉಬುಂಟುವಿನಲ್ಲಿ ಎಫ್‌ಎಸ್‌ಟ್ರಿಮ್ ವಾರಕ್ಕೊಮ್ಮೆ ತಾನೇ ಓಡುತ್ತದೆ. ಡಿಸ್ಕಾರ್ಡ್ ಆಪ್ಷನ್ ಹಾಕಿ ಮೌಂಟ್ ಮಾಡಿದ್ದರೆ ಅಳಿಸಿದ ಕೆಲವೇ ಕ್ಷಣದಲ್ಲಿ ಟ್ರಿಮ್ ಹೋಗಿರುತ್ತದೆ. ಆಗ ಜರ್ನಲಿನಲ್ಲಿ ನಕ್ಷೆ ಸಿಕ್ಕರೂ ಗೋಡೆಯೊಳಗೆ ಪೈಪೇ ಇಲ್ಲ. ನನ್ನದು ತಿರುಗುವ ಹಳೇ ಹಾರ್ಡ್ ಡಿಸ್ಕ್ ಆಗಿದ್ದರಿಂದ ಬಚಾವಾದೆ.

ಫೋನಿನ ಕಥೆ ಇನ್ನೂ ಚಿಕ್ಕದು. ಆಂಡ್ರಾಯ್ಡ್ 10ರೊಂದಿಗೆ ಅಥವಾ ಅದರ ನಂತರ ಬಿಡುಗಡೆಯಾದ ಫೋನುಗಳಲ್ಲಿ ಫೈಲಿಗೊಂದು ಕೀಲಿಯಂತೆ ಎನ್‌ಕ್ರಿಪ್ಷನ್ ಕಡ್ಡಾಯ. ಬ್ಲಾಕನ್ನು ನೇರವಾಗಿ ಓದಿದರೂ ಬರುವುದು ಗೋಜಲು.

ನಕ್ಷೆ ಇಲ್ಲದೆ ಅಗೆಯುವುದು

ಎಕ್ಸ್‌ಟ್‌ಅನ್‌ಡಿಲೀಟಿನ ಕೊನೆಯ ಆವೃತ್ತಿ 0.2.4 ಬಂದದ್ದು 2013ರಲ್ಲಿ. ಹೊಸ ಇಎಕ್ಸ್‌ಟಿ4 ಡಿಸ್ಕುಗಳ ಮೇಲೆ ಅದು ಕೆಲವೊಮ್ಮೆ ಅರ್ಧಕ್ಕೇ ಮುಗ್ಗರಿಸುತ್ತದೆ. ನನ್ನ ಪಾರ್ಟಿಷನ್ ಹಳೆಯದು, ಹಾಗಾಗಿ ಓಡಿತು. ಇಂತಿಷ್ಟು ಹೊತ್ತಿನ ನಂತರ ಅಳಿಸಿದ್ದು ಮಾತ್ರ ಬೇಕು ಅಂತ ಸಮಯ ಕೊಟ್ಟೆ. ರಿಕವರ್ಡ್ ಫೈಲ್ಸ್ ಅನ್ನುವ ಫೋಲ್ಡರಿನಲ್ಲಿ 207 ಫೋಟೋ, ಹೆಸರು ಸಮೇತ. ಹೆಸರು ಬದಲಾಯಿಸಿದ್ದು 190 ತಾನೇ, ಇನ್ನು 17 ಎಲ್ಲಿಂದ? ಅವು ಅಕ್ಕಪಕ್ಕದ ಐನೋಡುಗಳು. ಒಂದೇ ಬ್ಲಾಕಿನಲ್ಲಿ ಕೂತಿದ್ದ ಪುಣ್ಯಕ್ಕೆ ನಕಲಾಗಿದ್ದವು.

ಉಳಿದ 205ಕ್ಕೆ ನಕ್ಷೆ ಎಲ್ಲೂ ಇಲ್ಲ. ಈಗ ಬೇರೆ ತಂತ್ರ. ಜೆಪೆಗ್ ಫೋಟೋ ಯಾವಾಗಲೂ ಎಫ್‌ಎಫ್, ಡಿ8, ಎಫ್‌ಎಫ್ ಅನ್ನುವ ಮೂರು ಬೈಟುಗಳಿಂದ ಶುರುವಾಗುತ್ತದೆ. ಖಾಲಿ ಬ್ಲಾಕುಗಳನ್ನು ಒಂದೊಂದಾಗಿ ನೋಡುತ್ತಾ, ಈ ಗುರುತು ಕಂಡಲ್ಲಿಂದ ಫೋಟೋ ಶುರು ಅಂತ ಹಿಡಿದು, ಮುಂದಿನ ಬ್ಲಾಕುಗಳನ್ನು ಸೇರಿಸುತ್ತಾ ಹೋದರೆ? ಕ್ರಿಸ್ಟೋಫ್ ಗ್ರೆನಿಯೆ ಬರೆದ ಫೋಟೋರೆಕ್ ಇದನ್ನೇ ಮಾಡುತ್ತದೆ. ಹೆಸರು ಫೋಟೋರೆಕ್ ಆದರೂ ನೂರಾರು ಬಗೆಯ ಫೈಲುಗಳ ತಲೆಗುರುತು ಅದಕ್ಕೆ ಗೊತ್ತು. ಫೈಲ್‌ಸಿಸ್ಟಮ್ ಯಾವುದು ಅನ್ನುವ ಗೊಡವೆ ಅದಕ್ಕೆ ಹೆಚ್ಚು ಬೇಕಿಲ್ಲ. ಖಾಲಿ ಜಾಗ ಮಾತ್ರ ನೋಡು ಅಂತ ಹೇಳಬಹುದು, ಹಾಗೆ ಹೇಳಿದರೆ ಇರುವ ಫೈಲುಗಳನ್ನೇ ಮತ್ತೆ ತಂದು ಸುರಿಯುವುದಿಲ್ಲ.

ಆದರೂ ಸುರಿಯಿತು. ಯಾವ ಕಾಲದಲ್ಲೋ ಅಳಿಸಿದ ಗುಡ್ ಮಾರ್ನಿಂಗ್ ಚಿತ್ರಗಳು, ಯಾರದ್ದೋ ಗೃಹಪ್ರವೇಶದ ಆಮಂತ್ರಣ, ಎಲ್ಲವೂ ಎಫ್ ಅಕ್ಷರದ ಮುಂದೆ ಒಂದು ನಂಬರ್ ಹೊತ್ತು ಬಂದವು. ಹೆಸರು ಸಿಗುವುದಿಲ್ಲ, ಹೆಸರು ಇದ್ದದ್ದು ಪಟ್ಟಿಯಲ್ಲಿ ತಾನೇ. ಫೋಟೋ ತೆಗೆದ ದಿನಾಂಕವನ್ನು ಕ್ಯಾಮೆರಾ ಫೈಲಿನ ಒಳಗೇ ಬರೆದಿರುತ್ತದೆ. ಪ್ಲಾಸ್ಟರಿಂಗ್‌ಗೆ ಮುಂಚಿನ ಎರಡು ವಾರದ ಫೋಟೋ ಮಾತ್ರ ಬೇರೆ ಮಾಡಿದೆ. 188 ಸಿಕ್ಕವು.

ಬ್ಲಾಕುಗಳು ಸಾಲಾಗಿ ಇದ್ದರೆ ಮಾತ್ರ ಈ ತಂತ್ರ ಸರಿಯಾಗಿ ಕೆಲಸ ಮಾಡುತ್ತದೆ. ಫೈಲ್ ಎರಡು ತುಂಡಾಗಿ ಬೇರೆ ಬೇರೆ ಕಡೆ ಇದ್ದರೆ ಮೊದಲ ತುಂಡಿನ ಕೊನೆಗೆ ಬಂದಾಗ ಅದಕ್ಕೆ ದಾರಿ ತಪ್ಪುತ್ತದೆ. ಫೋಟೋದ ಮೇಲಿನರ್ಧ ಸರಿ, ಕೆಳಗೆ ಬೂದು ಬಣ್ಣ. ಇಎಕ್ಸ್‌ಟಿ4 ಸಾಧ್ಯವಾದಷ್ಟೂ ಒಂದೇ ಕಡೆ ಬರೆಯಲು ನೋಡುತ್ತದೆ ಅನ್ನುವುದೇ ಸಮಾಧಾನ.

ಬರೀ ಅಕ್ಷರದ ಫೈಲುಗಳಿಗೆ ಇಂಥ ತಲೆಗುರುತು ಇಲ್ಲ. ಕಥೆಯೋ ಲೆಕ್ಕವೋ ಪ್ಲೇನ್ ಟೆಕ್ಸ್ಟ್ ಆಗಿ ಬರೆದಿಟ್ಟಿದ್ದರೆ, ಅದರಲ್ಲಿದ್ದ ಒಂದು ವಿಶಿಷ್ಟ ಪದವನ್ನು ಇಡೀ ಇಮೇಜಿನಲ್ಲಿ ಗ್ರೆಪ್ ಅನ್ನುವ ಕಮಾಂಡಿನಿಂದ ಹುಡುಕಬೇಕು. ಕನ್ನಡದಲ್ಲಿ ಬರೆದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಯೂನಿಕೋಡ್ ಕನ್ನಡದ ಪ್ರತಿ ಅಕ್ಷರಚಿಹ್ನೆಯೂ ಯುಟಿಎಫ್-8ರಲ್ಲಿ ಮೂರು ಬೈಟ್, ಮತ್ತು ಅದು ಇ0 ಬಿ2 ಅಥವಾ ಇ0 ಬಿ3 ಅಂತಲೇ ಶುರುವಾಗುತ್ತದೆ. ಇಂಥ ಜೋಡಿ ಸಾಲುಗಟ್ಟಿ ಬಂದ ಬ್ಲಾಕ್ ಕಂಡರೆ ಅಲ್ಲಿ ಕನ್ನಡ ಇದೆ ಅಂತಲೇ ಅರ್ಥ. ಇಂಗ್ಲಿಷಿನ ರಾಶಿಯಲ್ಲಿ ಅದು ಎದ್ದು ಕಾಣುತ್ತದೆ. ಹಳೇ ನುಡಿ ಫಾಂಟಿನಲ್ಲಿ ಬರೆದದ್ದಾದರೆ ಈ ಲೆಕ್ಕ ನಡೆಯುವುದಿಲ್ಲ. ಅದು ಡಿಸ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳ ವೇಷದಲ್ಲೇ ಕೂತಿರುತ್ತದೆ, ಹುಡುಕುವ ಪದವನ್ನೂ ಅದೇ ವೇಷದಲ್ಲಿ ಕೊಡಬೇಕು. ಇನ್ನು ಓಡಿಟಿ, ಡಾಕ್ಸ್‌ಎಕ್ಸ್ ಫೈಲುಗಳು ಒಳಗೆ ಜಿಪ್ ಆಗಿರುತ್ತವೆ, ಅವುಗಳಲ್ಲಿ ಪದ ಹುಡುಕಿ ಪ್ರಯೋಜನವಿಲ್ಲ, ಫೋಟೋರೆಕ್ಕಿಗೇ ಬಿಡಬೇಕು.

ವಿಂಡೋಸಿನ ಎನ್‌ಟಿಎಫ್‌ಎಸ್ ಕೂಡ ಜರ್ನಲ್ ಇರುವ ಫೈಲ್‌ಸಿಸ್ಟಮ್ಮೇ. ಆದರೆ ಅದು ಫೈಲ್ ಅಳಿಸಿದಾಗ ಎಂಎಫ್‌ಟಿ ದಾಖಲೆಗೆ (ಅಲ್ಲಿನ ಐನೋಡ್ ಅನ್ನಬಹುದು) ‘ಬಳಕೆಯಲ್ಲಿಲ್ಲ’ ಅಂತ ಗುರುತು ಹಾಕುತ್ತದೆ, ಆ ದಾಖಲೆಯನ್ನು ಬೇರೆ ಫೈಲಿಗೆ ಬಳಸುವವರೆಗೆ ಒಳಗಿನ ನಕ್ಷೆ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಅಲ್ಲಿ ರಿಕವರಿ ಸುಲಭ ಅನ್ನಿಸುವುದು ಅದಕ್ಕೇ. ಲಿನಕ್ಸಿನಲ್ಲೇ ಬಳಸುವ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ ಇನ್ನೊಂದು ತುದಿ. ಅದರ ಜರ್ನಲ್ ಮಹಾ ಜಿಪುಣ, ಪುಟ ನಕಲು ಮಾಡದೆ ಬದಲಾದ ಭಾಗವನ್ನಷ್ಟೇ ಬರೆದುಕೊಳ್ಳುತ್ತದೆ. ಪಕ್ಕದವನ ದೆಸೆಯಿಂದ ನಿಮ್ಮದೂ ಉಳಿಯುವ ಸಂದರ್ಭ ಅಲ್ಲಿ ಕಡಿಮೆ.

ಕೊನೆಗೆ 412ರಲ್ಲಿ 395 ಬಂದವು. 17 ಪೂರ್ತಿ ಬರಲಿಲ್ಲ. ಅದರಲ್ಲಿ ಒಂದು ಅರ್ಧ ಬಂದಿದೆ. ಬಚ್ಚಲುಮನೆಯ ಉತ್ತರದ ಗೋಡೆ. ಮೇಲೆ ಗೀಸರಿನಿಂದ ಇಳಿಯುವ ಬಿಸಿನೀರಿನ ಪೈಪ್ ಸ್ಪಷ್ಟವಾಗಿ ಕಾಣುತ್ತದೆ. ಎದೆಮಟ್ಟಕ್ಕೆ ಬಂದು ಅದು ಎಡಕ್ಕೆ ತಿರುಗುವ ಹಾಗಿದೆ. ಅಲ್ಲಿಂದ ಕೆಳಗೆ ಬೂದು. ಆ ಗೋಡೆಗೆ ಟವೆಲ್ ರಾಡ್ ಹಾಕಿಸಬೇಕು ಅಂತ ಮನೆಯಲ್ಲಿ ಕೇಳುತ್ತಲೇ ಇದ್ದಾರೆ. ರಾಡ್ ತಂದಿದ್ದೇನೆ, ಡಬ್ಬಿ ಇನ್ನೂ ಒಡೆದಿಲ್ಲ.